ಹಿಮ್ಮುಖದ ಮೆರವಣಿಗೆ

ಹನ್ನೆರಡನೆಯ ಬ್ರೆಡ್ ತುಂಡಿಗೆ ಬೆಣ್ಣೆ ಸವರುತ್ತಿದ್ದಾಗ ಅಂಗಳದಿಂದ ಹಾರ್ನ್ ಕೇಳಿಸಿತು. ಡಿಂಪ್ನಾ ತಲೆಯೆತ್ತಲಿಲ್ಲ. ಗಂಡ ಫೆಸ್ಟಸ್ ಎಲ್ಲಿಗಾದರೂ ಹೊರಡುವ ದಿನ ಮೂರು ಸಲ ಹಾರ್ನ್ ಹೊಡೆಯುತ್ತಾನೆ. ಮೊದಲನೆಯದು ತನ್ನ ಸಮಾಧಾನಕ್ಕೆ, ಎರಡನೆಯದು ಅವಳಿಗೆ, ಮೂರನೆಯದು ತಡ ಮಾಡುತ್ತಿರುವವಳು ಅವಳೇ ಎಂದು ಅಕ್ಕಪಕ್ಕದವರಿಗೆ ತಿಳಿಯಲಿ ಎಂದು. ಮೂರನೆಯದಕ್ಕೆ ಇನ್ನೂ ಹೊತ್ತಿತ್ತು. ಬೇಯಿಸಿದ ಮೊಟ್ಟೆಗಳನ್ನು ಬಟ್ಟಲಲ್ಲಿ ಹಿಸುಕಿ, ಅರ್ಧಕ್ಕೆ ಈರುಳ್ಳಿ ಸೊಪ್ಪು ಸೇರಿಸಿ, ಇನ್ನರ್ಧವನ್ನು ಹಾಗೆಯೇ ಬಿಟ್ಟಳು. ಹಾಗೆಯೇ ಬಿಟ್ಟದ್ದು ಗಂಡನ ಅಕ್ಕ ಅಟ್ರಾಕ್ಟಾಳಿಗೆ. ಈರುಳ್ಳಿ ತಿಂದರೆ ಸತ್ತವರೆಲ್ಲ ಕನಸಿನಲ್ಲಿ ಬರುತ್ತಾರೆ ಎಂದು ಅವಳ ದೂರು. ಹಗಲಿನಲ್ಲಿ ಅವರನ್ನು ತಾನೇ ಹುಡುಕಿಕೊಂಡು ಹೋಗುತ್ತಾಳೆ ಎಂಬುದು ಬೇರೆ ಮಾತು.

ಆ ಅಟ್ರಾಕ್ಟಾ ಈಗ ಅಡುಗೆಮನೆಯ ಮೇಜಿಗೆ ಕೂತು, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ರೇಡಿಯೋಕ್ಕೆ ಕಿವಿ ಕೊಟ್ಟಿದ್ದಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಗೋಡೆಯಾಚೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಮಲಗುವುದಕ್ಕೆ ಮಾತ್ರ. ದಿನಾ ಬೆಳಗ್ಗೆ ಒಂಬತ್ತಕ್ಕೆ ಮೇಯೋ ಜಿಲ್ಲೆಯ ರೇಡಿಯೋದಲ್ಲಿ ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಊರಿನವರು, ಶವ ಯಾವ ಚರ್ಚಿನಿಂದ ಎಷ್ಟು ಗಂಟೆಗೆ ಹೊರಟು ಯಾವ ಸ್ಮಶಾನಕ್ಕೆ ಹೋಗುತ್ತದೆ, ಎಲ್ಲ. ಅದನ್ನು ಕೇಳದೆ ಅವರ ಊರಾದ ಕ್ರಾಸ್‌ಮೊಲಿನಾದಲ್ಲಿ ಯಾರೂ ಆ ದಿನದ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಅಟ್ರಾಕ್ಟಾ ಅಂತೂ ಆ ಹೊತ್ತಿನಲ್ಲಿ ಟೀ ಕೂಡ ಸದ್ದಿಲ್ಲದೆ ಕುಡಿಯುತ್ತಾಳೆ.

ರೇಡಿಯೋದವಳು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಫೆಸ್ಟಸ್ ಒಳಗೆ ಬಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ.

"ಯಾರು ಸತ್ರು ಅಂತ ತಿಳ್ಕೊಳ್ದೆ ರಸ್ತೆಗೆ ಇಳಿಯೋದೇನೋ?" ಅಂದಳು ಅಟ್ರಾಕ್ಟಾ.

"ಇವತ್ತೊಂದಿನ ಎಲ್ಲರೂ ಬದುಕಿದಾರೆ ಅಂದ್ಕೋ. ಏಳು."

ಅವನು ಬುಟ್ಟಿ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ಎಡ ಭುಜ ಚೌಕಟ್ಟಿಗೆ ತಗುಲಿತು. ಚೌಕಟ್ಟನ್ನೇ ಒಮ್ಮೆ ಗದರುವಂತೆ ನೋಡಿ ಮುಂದೆ ನಡೆದ. ಡಿಂಪ್ನಾ ಅದನ್ನು ನೋಡಿಯೂ ನೋಡದವಳ ಹಾಗೆ ಚಾಕುವನ್ನು ತೊಳೆದಿಟ್ಟಳು.

ಅಂಗಳದಲ್ಲಿ ನಿಂತದ್ದು ಬಿಳಿಯ ಬಣ್ಣದ, ಕಂದು ಪರದೆಗಳ ಮನೆಗಾಡಿ. ಎರಡು ಉರಿಯ ಒಲೆ, ಅಂಗೈಯಗಲದ ಸಿಂಕು, ಮಡಚಿದರೆ ಬೆಂಚಾಗುವ ಮಂಚ, ಬಾಗಿಲು ಹಾಕಿಕೊಂಡರೆ ತಿರುಗಲು ಜಾಗವಿಲ್ಲದ ಕಕ್ಕಸು. ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಫೆಸ್ಟಸ್ ಅದನ್ನು ಸ್ಲೈಗೋದವನೊಬ್ಬನಿಂದ ಕೊಂಡು ತಂದಾಗ ಅಟ್ರಾಕ್ಟಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದ್ದ ಅಡುಗೆಮನೆ ಸಾಲದೆಂದು ಹೆಂಡತಿಗೆ ಚಕ್ರವಿರುವ ಇನ್ನೊಂದನ್ನು ತಂದುಕೊಟ್ಟಿದ್ದಾನೆ ಎಂದಿದ್ದಳು. ಮೊದಲ ಬೇಸಿಗೆ ಕೆರ್ರಿಗೆ ಹೋದರು, ಎರಡನೆಯ ಬೇಸಿಗೆ ಡೊನೆಗಾಲಿಗೆ. ಮೂರನೆಯದರಲ್ಲಿ ಗಾಡಿ ಅಂಗಳದಲ್ಲೇ ಹೆಚ್ಚು ಉಳಿಯಿತು. ಈ ವಸಂತದಲ್ಲಿ ಅದರ ಎಡಮೈ ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿತು. ಚಳಿಗಾಲದ ಮಳೆಗೆ ಮಣ್ಣು ಸಡಿಲವಾಗಿ ಕಂಬ ಸರಿದಿದೆ ಎಂದು ಫೆಸ್ಟಸ್ ತೀರ್ಪು ಕೊಟ್ಟ. ತಾತ ನೆಟ್ಟ ಕಂಬ ಎಪ್ಪತ್ತು ವರ್ಷ ಸುಮ್ಮನಿದ್ದು, ಈಗ ಕಾಲು ಬಂದು ನಡೆಯಲು ಕಲಿತಿದೆಯೇನೋ ಎಂದು ಅವನ ಅಕ್ಕ ಕೇಳಿದಳು.

ಆಮೇಲೆ ಒಂದು ದಿನ ಊಟದ ಮಧ್ಯೆ, ಆಲೂಗಡ್ಡೆ ಸಿಪ್ಪೆ ಸುಲಿಯುತ್ತ, ಗಾಡಿಯನ್ನು ಮಾರಿಬಿಡೋಣ ಎಂದ. ಡೀಸೆಲ್ ಕುಡಿಯುತ್ತದೆ, ರಸ್ತೆಗಳೆಲ್ಲ ಪ್ರವಾಸಿಗಳಿಂದ ಕೆಟ್ಟುಹೋಗಿವೆ, ಸುಮ್ಮನೆ ನಿಂತು ತುಕ್ಕು ಹಿಡಿಯುವುದಕ್ಕಿಂತ ಓಡಿಸುವವರ ಕೈಗೆ ಹೋಗಲಿ. ಬ್ಯಾಲಿನಾದವನೊಬ್ಬ ಸೋಮವಾರ ಒಂಬತ್ತಕ್ಕೆ ನೋಡಲು ಬರುತ್ತಾನೆ. ಶನಿವಾರ ಕೊನೆಯದಾಗಿ ಒಂದು ಸುತ್ತು ಸಮುದ್ರದ ಕಡೆ ಹೋಗಿ ಬರೋಣ. ನೀನೇನಂತೀಯ ಎಂದು ಕೇಳಿದ.

"ನಿನ್ನಿಷ್ಟ," ಅಂದಿದ್ದಳು ಡಿಂಪ್ನಾ.

ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಆ ಮಾತಿನ ಅರ್ಥ ಗೊತ್ತಿರಬೇಕಿತ್ತು. ಅವನು ಒಪ್ಪಿಗೆಯೆಂದುಕೊಂಡು ಇನ್ನೊಂದು ಆಲೂಗಡ್ಡೆ ತೆಗೆದುಕೊಂಡ.

ಅವಳಿಗಾದರೂ ಹೇಗೆ ಬಾಯಿಬಿಟ್ಟು ಹೇಳುವುದು? ಬೆಳಗ್ಗೆ ಅವನು ಪೇಪರ್ ತರಲು ಪೇಟೆಗೆ ಹೋಗಿ ಹನ್ನೊಂದಕ್ಕೆ ಹಿಂತಿರುಗುವವರೆಗೆ, ಅಟ್ರಾಕ್ಟಾ ಚರ್ಚಿನಿಂದ ಬರುವವರೆಗೆ, ಅವಳು ಒಂದು ಲೋಟ ಟೀ ಹಿಡಿದು ಗಾಡಿಯೊಳಗೆ ಹೋಗಿ ಕೂರುತ್ತಿದ್ದಳು. ಯಾರಾದರೂ ಕೇಳಿದರೆ ಗಾಳಿಯಾಡಿಸುತ್ತಿದ್ದೇನೆ, ಬಿಟ್ಟರೆ ಬೂಸ್ಟು ಹಿಡಿಯುತ್ತದೆ ಎಂದು ಉತ್ತರವಿತ್ತು. ಅದು ಸುಳ್ಳೂ ಅಲ್ಲ. ಆದರೆ ಕಿಟಕಿ ತೆರೆಯಲು ಎರಡು ನಿಮಿಷ ಸಾಕು. ಉಳಿದ ಒಂದೂವರೆ ಗಂಟೆ ಅವಳು ಅಲ್ಲಿ ಏನೂ ಮಾಡುತ್ತಿರಲಿಲ್ಲ. ಓದುತ್ತಿರಲಿಲ್ಲ, ಹೆಣೆಯುತ್ತಿರಲಿಲ್ಲ. ಒಂದು ದಿನ ಇಡೀ ಕಿತ್ತಳೆ ಹಣ್ಣೊಂದನ್ನು ಯಾರಿಗೂ ಒಂದು ತೊಳೆಯನ್ನೂ ಕೊಡದೆ ತಿಂದಿದ್ದಳು. ಮನೆಯಲ್ಲಿ ಐದು ಕೋಣೆ, ಐದರಲ್ಲೂ ಯಾರಾದರೂ ಅವಳ ಹೆಸರು ಕೂಗಬಹುದಿತ್ತು. ಗಾಡಿಯೊಳಗಿನ ಆ ಎರಡು ಅಡಿ ಮೇಜಿನ ಮುಂದೆ ಅವಳ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ. ಇಂಥದ್ದನ್ನು ಹೇಳಿದರೆ ಗಂಡ ಗಾಬರಿಯಾಗುತ್ತಾನೆ, ಅವನ ಅಕ್ಕ ಊರಿಗೆಲ್ಲ ಸಾರುತ್ತಾಳೆ.

ಬ್ಯಾಲಿಕ್ಯಾಸಲ್ ದಾಟಿ ಸಮುದ್ರ ಕಾಣಿಸಿದ ಮೇಲೆ ಫೆಸ್ಟಸನ ಮುಖ ಅರಳಿತು. ನಿಧಾನವಾಗಿ ಓಡಿಸುತ್ತಿದ್ದ. ಎದುರು ಬಂದ ಪ್ರತಿ ಗಾಡಿಗೂ ಸ್ಟಿಯರಿಂಗ್ ಮೇಲಿನ ತೋರುಬೆರಳನ್ನು ಒಂದಂಗುಲ ಎತ್ತುತ್ತಿದ್ದ. ಗುರುತಿನವರಿಗೆ ಒಂದು ಬೆರಳು, ನೆಂಟರಿಗೆ ಎರಡು. ಬೆರಳೆತ್ತದೆ ಹೋದವನು ಹೊರಗಿನವನು ಇಲ್ಲವೇ ಆಸ್ತಿ ಜಗಳ ಇರುವವನು. ಹಿಂದಿನ ಬೆಂಚಿನಲ್ಲಿ ಕೂತ ಅಟ್ರಾಕ್ಟಾ ದಾರಿಯುದ್ದಕ್ಕೂ ಮನೆಗಳ ಕಿಟಕಿ ನೋಡುತ್ತ, ಪರದೆ ಎಳೆದಿರುವ ಮನೆ ಕಂಡಲ್ಲೆಲ್ಲ ಅಲ್ಲಿ ಯಾರೋ ಹೋಗಿರಬೇಕು ಎಂದು ಅನುಮಾನಪಟ್ಟಳು. ಫೆಸ್ಟಸ್ ಅವರಿನ್ನೂ ಎದ್ದಿಲ್ಲ ಎಂದ. ಹನ್ನೊಂದು ಗಂಟೆಗೆ ಏಳದವರು ಒಂದೋ ಸತ್ತಿರಬೇಕು, ಇಲ್ಲ ಪ್ರೊಟೆಸ್ಟೆಂಟರಿರಬೇಕು ಎಂದು ಅವಳು ಗೊಣಗಿದಳು.

ರಿನ್ನಕಾರಾ ತುದಿಗೆ ಹೋಗುವ ದಾರಿ ಮುಖ್ಯರಸ್ತೆಯಿಂದ ಕವಲೊಡೆದ ಮೇಲೆ ಒಂದೇ ಗಾಡಿಯ ಅಗಲವಾಗುತ್ತದೆ. ನಡುವೆ ಹುಲ್ಲು, ಒಂದು ಪಕ್ಕ ಜೌಗುನೆಲದ ಕಾಲುವೆ, ಇನ್ನೊಂದು ಪಕ್ಕ ಬೇಲಿಯಿಲ್ಲದ ಇಳಿಜಾರು, ಅದರಾಚೆ ಸಮುದ್ರ. ಮುಕ್ಕಾಲು ಮೈಲಿ ಹೀಗೇ ಹೋಗಿ ದಾರಿ ಒಂದು ಕಲ್ಲಿನ ದೋಣಿಕಟ್ಟೆಯ ಹತ್ತಿರ ಮುಗಿಯುತ್ತದೆ. ಪಕ್ಕದಲ್ಲಿ ಸೂರಿಲ್ಲದ ಹಳೆಯ ಪ್ರಾರ್ಥನಾ ಮಂದಿರ, ಅದರ ಸುತ್ತ ಸ್ಮಶಾನ. ಫೆಸ್ಟಸ್ ಗಾಡಿಯನ್ನು ಕಟ್ಟೆಯ ಬಯಲಿನಲ್ಲಿ ಒಂದು ದೊಡ್ಡ ಸುತ್ತು ಹಾಕಿಸಿ, ಮೂತಿ ಹಿಂತಿರುಗುವ ದಾರಿಯತ್ತ ಇರುವಂತೆ ನಿಲ್ಲಿಸಿದ. ಸಮುದ್ರ ಹಿಂದಿನ ಕಿಟಕಿಗೆ ಹೋಯಿತು. ಈ ವರ್ಷ ಅವನು ಎಲ್ಲಿ ನಿಲ್ಲಿಸಿದರೂ ಹೀಗೆಯೇ. ಹಿಂದಕ್ಕೆ ತೆಗೆಯುವ ಪ್ರಸಂಗವೇ ಬಾರದ ಹಾಗೆ.

ಗಾಳಿಗೆ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮೂವರೂ ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತು, ಅಲೆಗಳು ಬಂಡೆಗೆ ಬಡಿದು ಬೆಳ್ಳಗೆ ಏಳುವುದನ್ನು ನೋಡುತ್ತ ಮೊಟ್ಟೆಯ ಸ್ಯಾಂಡ್‌ವಿಚ್ ತಿಂದರು. ಇಲ್ಲಿಯವರು ಸಮುದ್ರ ನೋಡುವುದೇ ಹೀಗೆ. ಇಳಿದು ಹೋಗಿ ನೆನೆಯುವುದು ಜರ್ಮನರ ಕೆಲಸ.

ಎರಡನೆಯ ಟೀ ಬಗ್ಗಿಸುವಾಗ ಫೆಸ್ಟಸ್ ಲೋಟದ ಎಡಕ್ಕೆ ಒಂದಿಷ್ಟು ಚೆಲ್ಲಿದ. ಅಷ್ಟರಲ್ಲಿ ಅಟ್ರಾಕ್ಟಾ ಕಿಟಕಿಗೆ ಮೂಗು ತಗುಲಿಸಿ, ಸ್ಮಶಾನದ ಗೋಡೆಗೆ ಎರಡು ಗುದ್ದಲಿ ಒರಗಿಸಿದ್ದಾರೆ ಎಂದಳು. ಯಾರೋ ಹುಲ್ಲು ಕೀಳುತ್ತಿರಬೇಕು ಎಂದ ಫೆಸ್ಟಸ್.

"ಹುಲ್ಲು ಕೀಳೋಕೆ ಹಸಿರು ಬಟ್ಟೆ ಹಾಸ್ತಾರೇನೋ?"

ಹೊಸ ಮಣ್ಣಿನ ಗುಡ್ಡೆಯ ಮೇಲೆ ನಿಜಕ್ಕೂ, ಶವ ಹೂಳುವ ದಿನ ಹಾಸುವಂಥ ಹಸಿರು ಬಟ್ಟೆ ಇತ್ತು. ಅಟ್ರಾಕ್ಟಾ ಬೂಟಿಗೆ ಕಾಲು ತೂರಿಸಲು ಶುರುಮಾಡಿದಳು. ಅವಳು ಒಮ್ಮೆ ಇಳಿದರೆ ಇಡೀ ಸ್ಮಶಾನದ ಕಲ್ಲುಗಳನ್ನೆಲ್ಲ ಓದಿ ಮುಗಿಸುವವರೆಗೆ ಹತ್ತುವವಳಲ್ಲ. ಫೆಸ್ಟಸ್ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಮಳೆ ಬರುವ ಹಾಗಿದೆ ಎಂದು ಗಾಡಿ ಚಾಲೂ ಮಾಡಿದ. ಬೂಟು ಒಂದು ಕಾಲಿಗಾಗಿತ್ತು. ಹಾಗೇ ಹೊರಟರು.

ದಾರಿ ಮುಕ್ಕಾಲು ಮೈಲಿ ಮುಗಿದು ಇನ್ನೇನು ಮುಖ್ಯರಸ್ತೆ ಕಾಣಬೇಕು, ತಿರುವಿನಲ್ಲಿ ಕಪ್ಪು ಕೋಟು ಹಾಕಿದ ಎತ್ತರದ ಮನುಷ್ಯನೊಬ್ಬ ರಸ್ತೆಯ ನಟ್ಟನಡುವೆ ನಡೆದು ಬರುತ್ತಿದ್ದ. ಅವನ ಹಿಂದೆ ಹೂವು ಹೊದೆದ ಶವವಾಹನ. ಅದರ ಹಿಂದೆ ನಡೆದು ಬರುವ ಜನ. ಅವರ ಹಿಂದೆ, ಗುಡ್ಡದ ಮೇಲಿನವರೆಗೂ, ಒಂದರ ಬಾಲಕ್ಕೊಂದು ಕಾರುಗಳು.

ಫೆಸ್ಟಸ್ ಬ್ರೇಕ್ ಹಾಕಿದ. ಅಟ್ರಾಕ್ಟಾ, "ಒಂಬತ್ತು ಗಂಟೆಗೆ ಹೇಳಿರ್ತಾರೆ," ಅಂದಳು, ತುಂಬಾ ಮೆಲ್ಲಗೆ, ಆದ್ದರಿಂದಲೇ ಇನ್ನೂ ಚುಚ್ಚುವ ಹಾಗೆ.

ಕಪ್ಪು ಕೋಟಿನವನು ಶವಯಾತ್ರೆ ನಡೆಸಿಕೊಡುವವನು. ಕಿಟಕಿಯ ಹತ್ತಿರ ಬಂದು, ಸಮಾಧಾನದ ದನಿಯಲ್ಲಿ, ತೊಂದರೆಯಾಯಿತು, ಆದರೆ ಕಟ್ಟೆಯವರೆಗೆ ಹಿಂದಕ್ಕೆ ಹೋಗದೆ ಬೇರೆ ದಾರಿಯಿಲ್ಲ ಎಂದ. ಅವನು ಹೇಳಬೇಕಾಗಿಯೂ ಇರಲಿಲ್ಲ. ಸ್ಮಶಾನಕ್ಕೆ ಹೊರಟ ಶವವನ್ನು ಒಂದಡಿಯೂ ಹಿಂದಕ್ಕೆ ಒಯ್ಯುವುದಿಲ್ಲ. ಅರವತ್ತು ಕಾರುಗಳನ್ನಂತೂ ಯಾರೂ ಒಯ್ಯಲಾರರು.

ಫೆಸ್ಟಸನ ಎಡಗೈ ಗೇರಿನ ಹಿಡಿ ಹುಡುಕಿದಂತೆ ಮಾಡಿ ಮಂಡಿಯ ಮೇಲೆ ಬಿತ್ತು. ಇಳಿಜಾರು ಎಡಕ್ಕಿತ್ತು. ಅವನು ಎಡಗಡೆಯ ಕನ್ನಡಿ ನೋಡಲು ಇಡೀ ತಲೆಯನ್ನು ತಿರುಗಿಸಿ ಬಲಗಣ್ಣನ್ನು ಅದರತ್ತ ತಂದ. ಮತ್ತೆ ಮುಂದೆ ನೋಡಿದ. ಮತ್ತೆ ತಿರುಗಿದ. ಕತ್ತಿನ ಹಿಂಬದಿಯಲ್ಲಿ ಬೆವರು ಮೂಡಿದ್ದನ್ನು ಡಿಂಪ್ನಾ ನೋಡಿದಳು. ಕಂಬ ಸರಿದದ್ದು, ಚೌಕಟ್ಟು ತಗುಲಿದ್ದು, ಟೀ ಬಗ್ಗಿಸುವಾಗ ಲೋಟದ ಎಡಕ್ಕೆ ಚೆಲ್ಲಿದ್ದು, ಡೀಸೆಲ್ ಕುಡಿಯುತ್ತದೆಂಬ ದೂರು, ಬ್ಯಾಲಿನಾದ ಮನುಷ್ಯ, ಎಲ್ಲ ಒಂದೇ ಸಾಲಿಗೆ ಬಂದು ನಿಂತವು. ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಮಡಚಿ ಇಟ್ಟಿದ್ದಳು, ಅಷ್ಟೆ. ಎಡಗಣ್ಣು ಮಂಜಾಗಿದೆ ಎಂದು ಹೇಳುವ ಬದಲು ಗಾಡಿಯನ್ನೇ ಮಾರಲು ಹೊರಟಿದ್ದ ಮಹಾರಾಯ. ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರನ್ನು ಹೊಲದ ಗೇಟುಗಳೊಳಗೆ ಹಿಮ್ಮುಖವಾಗಿ ನುಗ್ಗಿಸಿದವನು, ಈಗ ಅರವತ್ತು ಕಾರಿನ ಮುಂದೆ.

ನಾನು ತೆಗೆಯಲಾ ಎಂದು ಕೇಳುವಂತಿರಲಿಲ್ಲ. ಇಬ್ಬರೂ ಒಂದೇ ಗಾಡಿಯಲ್ಲಿದ್ದಾಗ ಓಡಿಸುವವನು ಅವನು. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮದುವೆಯ ದಿನ ಅವನ ಕೈ ಕೀಲಿಯತ್ತ ಹೋಗಿತ್ತು, ಹಾಗೇ ಉಳಿದಿತ್ತು.

"ಫೆಸ್ಟಸ್," ಅಂದಳು, "ಇಳಿದು ಟೋಪಿ ತೆಗಿ. ಹೆಣ ಎದುರಿಗೆ ಬಂದಾಗ ಗಂಡಸು ಒಳಗೆ ಕೂತಿದ್ರೆ ಜನ ಏನಂತಾರೆ? ಅವರ ಜೊತೆ ಮೂರು ಹೆಜ್ಜೆ ಹಾಕು. ಗಾಡಿ ನಾನು ನೋಡ್ಕೋತೀನಿ."

ಎದುರಾದ ಶವಯಾತ್ರೆಯ ಜೊತೆ ತಿರುಗಿ ಮೂರು ಹೆಜ್ಜೆಯಾದರೂ ನಡೆಯಬೇಕು. ಕರುಣೆಯ ಮೂರು ಹೆಜ್ಜೆ ಎನ್ನುತ್ತಾರೆ. ಅದಕ್ಕಿಂತ ಮೇಲಿನ ಕಾಯಿದೆ ಆ ಕಡಲತೀರದಲ್ಲಿಲ್ಲ. ಫೆಸ್ಟಸ್ ಅವಳ ಮುಖ ನೋಡಿದ, ಒಂದು ಕ್ಷಣ ಹೆಚ್ಚೇ. ಆಮೇಲೆ, ಹೌದು ಅದು ಸರಿಯೇ ಎನ್ನುವವನಂತೆ ಟೋಪಿ ತೆಗೆದು ಇಳಿದ. ಇಳಿದವನು ಶವವಾಹನದ ಪಕ್ಕದ ಗಂಡಸರನ್ನು ಸೇರಿಕೊಂಡು ತಲೆ ತಗ್ಗಿಸಿದ, ಬೆಳಗ್ಗೆಯಿಂದ ಅದಕ್ಕೇ ಬಂದವನ ಹಾಗೆ.

ಡಿಂಪ್ನಾ ಬಲಗಡೆಯ ಸೀಟಿಗೆ ಸರಿದು ಅದನ್ನು ಮುಂದಕ್ಕೆಳೆದುಕೊಂಡಳು. ಎರಡೂ ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಂದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನ ಟ್ರ್ಯಾಕ್ಟರಿನಲ್ಲಿ, ಜೌಗಿನಿಂದ ಕೊಯ್ದು ಒಣಗಿಸಿದ ಮಣ್ಣುಸೌದೆಯ ಟ್ರೇಲರನ್ನು ಇದಕ್ಕಿಂತ ಕಿರಿದಾದ ದಾರಿಯಲ್ಲಿ ಹಿಂದಕ್ಕೆ ಒಯ್ದವಳು. ಅವಸರ ಬೇಡ ಮಗಳೇ, ಹಿಂದೆ ಇರುವುದು ಎಲ್ಲೂ ಓಡಿಹೋಗುವುದಿಲ್ಲ ಎನ್ನುತ್ತಿದ್ದ ಅಪ್ಪ. ಗೇರು ಹಾಕಿದಳು.

ಹೀಗೆ ಸತ್ತವಳ, ರಿನ್ನಕಾರಾದ ಸಬೀನಾ ರುವೇನ್‌ಳ, ಕೊನೆಯ ಮೆರವಣಿಗೆ ಮುಂದಕ್ಕೂ, ಅದರ ಮುಂದಾಳಾದ ಗಾಡಿ ಹಿಂದಕ್ಕೂ ಹೊರಟವು. ಶವವಾಹನದ ಮೂತಿಗೂ ಗಾಡಿಯ ಮೂತಿಗೂ ನಡುವೆ ನಾಲ್ಕು ಮಾರು ಅಂತರ. ಕಣ್ಣೆತ್ತಿದರೆ ಎದುರಿಗೆ ಶವವಾಹನದ ಚಾಲಕನ ಮುಖ. ನೋಡಬಾರದೆಂದು ಅವನೂ, ನಗಬಾರದೆಂದು ಅವಳೂ. ಎಡಗನ್ನಡಿಯಲ್ಲಿ ಹುಲ್ಲಿನ ಅಂಚು, ಅದರಾಚೆ ಬೆಳ್ಳನೆಯ ನೊರೆ. ಬಲಗನ್ನಡಿಯಲ್ಲಿ ಕಪ್ಪು ನೀರು. ಅಂಗೈ ಒಣಗಿತ್ತು, ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗಲ್ಲ ಎಂದು ಅರ್ಧ ದಾರಿಯಲ್ಲಿ ಅವಳಿಗೆ ತಿಳಿಯಿತು. ಸಂತೋಷಕ್ಕೆ. ಅಪರಿಚಿತರ ಹೆಣದ ಮುಂದೆ ಸಂತೋಷಪಡುವುದು ಪಾಪವೇ ಎಂದು ಪಾದ್ರಿಯನ್ನು ಕೇಳಬೇಕೆಂದುಕೊಂಡಳು. ಕೇಳುವುದಿಲ್ಲ ಎಂದೂ ಗೊತ್ತಿತ್ತು.

ಹಿಂದಿನ ಬೆಂಚಿನಲ್ಲಿ ಅಟ್ರಾಕ್ಟಾ ಜಪಸರ ಹೊರತೆಗೆದಿದ್ದಳು. ನಡುನಡುವೆ ಕಿಟಕಿ ಇಳಿಸಿ, ಪಕ್ಕದಲ್ಲಿ ನಡೆಯುತ್ತಿದ್ದವರಿಂದ ವಿವರ ಸಂಗ್ರಹಿಸುತ್ತಿದ್ದಳು. ಹೆಸರು ಸಿಕ್ಕಿತು, ಮಕ್ಕಳೆಷ್ಟು ಸಿಕ್ಕಿತು, ವಯಸ್ಸು ತೊಂಬತ್ತಮೂರು ಎಂದೂ ಸಿಕ್ಕಿತು.

"ಪಾಪ, ಹೋಗೋ ವಯಸ್ಸಲ್ಲ," ಎಂದು ಹೇಳಿ ಮತ್ತೆ ಜಪಕ್ಕೆ ತಿರುಗಿದಳು.

ಕಟ್ಟೆಯ ಬಯಲಿಗೆ ಬಂದು, ಗಾಡಿಯನ್ನು ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿ, ಡಿಂಪ್ನಾ ಕೀಲಿ ತಿರುಗಿಸಿದಳು. ಕಪ್ಪು ಕೋಟಿನವನು ದಾಟುವಾಗ ಅವಳ ಕಡೆ ತಲೆ ಬಾಗಿಸಿದ. ಶವದ ಮುಂದೆ ಬಾಗಿಸುವುದಕ್ಕಿಂತ ಕೂದಲೆಳೆ ಹೆಚ್ಚೇ ಬಾಗಿಸಿದ ಎಂದು ಅಟ್ರಾಕ್ಟಾ ಆಮೇಲೆ ವರದಿ ಮಾಡಿದಳು.

ಅರವತ್ತು ಕಾರು ದಾರಿಯಲ್ಲಿ ತುಂಬಿಕೊಂಡಿದ್ದರಿಂದ ಹೊರಡುವ ಮಾತೇ ಇರಲಿಲ್ಲ. ಮೂವರೂ ಗೋಡೆಯ ಪಕ್ಕ ನಿಂತು ಪ್ರಾರ್ಥನೆ ಮುಗಿಯುವವರೆಗೆ ತಲೆ ತಗ್ಗಿಸಿದರು. ನಿಂತದ್ದು ಗೇಟಿನ ಹತ್ತಿರ. ಅದೇ ತಪ್ಪಾಯಿತು. ಅಲ್ಲಿ ನಿಲ್ಲುವವರು ಮನೆಯವರು. ಮಣ್ಣು ಹಾಕಿ ಹೊರಬಂದ ಜನ ಒಬ್ಬೊಬ್ಬರಾಗಿ ಡಿಂಪ್ನಾಳ ಕೈ ಹಿಡಿದು ಕುಲುಕಿ, ನಿಮ್ಮ ಕಷ್ಟಕ್ಕೆ ನಮಗೂ ದುಃಖವಾಯಿತು ಎನ್ನತೊಡಗಿದರು. ಮೊದಲ ನಾಲ್ಕು ಜನಕ್ಕೆ ತಾನು ಯಾರೂ ಅಲ್ಲ ಎಂದು ವಿವರಿಸಲು ನೋಡಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಐದನೆಯವನಿಗೆ, ಬಂದದ್ದು ಒಳ್ಳೆಯದಾಯಿತು ಎಂದಳು. ಅಟ್ರಾಕ್ಟಾ ಮಾತ್ರ ಮೊದಲನೆಯವನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಫೆಸ್ಟಸನಿಗೆ ಒಬ್ಬ ಮೀನುಗಾರ, ನಿನ್ನ ಹೆಂಡತಿಯ ಕೈ ಎಂಥ ಕೈ ಎಂದ.

"ನಾನೇ ಕಲ್ಸಿದ್ದು," ಅಂದ ಫೆಸ್ಟಸ್.

ಡಿಂಪ್ನಾ ಸಮುದ್ರದ ಕಡೆ ನೋಡಿದಳು.

ಮಳೆ ನಿಜವಾಗಿಯೇ ಬಂತು, ಓರೆಯಾಗಿ, ಚಾಟಿಯ ಹಾಗೆ. ಕಾರು ದೂರವಿದ್ದ ಮೂವರು ಮುದುಕಿಯರು ಹೇಳದೆ ಕೇಳದೆ ಗಾಡಿಯೊಳಗೆ ಹತ್ತಿದರು. ಡಿಂಪ್ನಾ ಕೆಟಲ್ ಇಟ್ಟಳು. ಅವರು ಕಪಾಟುಗಳನ್ನು ತೆರೆದು ನೋಡಿದರು, ಮಂಚವನ್ನು ಒತ್ತಿ ನೋಡಿದರು, ಕಕ್ಕಸಿನ ಬಾಗಿಲು ತೆರೆದು ಇದರಲ್ಲಿ ಪಾದ್ರಿ ಹಿಡಿಸುವುದಿಲ್ಲ ಎಂದು ತೀರ್ಮಾನಿಸಿದರು. ಅವರಲ್ಲಿ ದಪ್ಪಗಿದ್ದವಳು ಕಿಟಕಿಯ ಪಕ್ಕದ ಜಾಗದಲ್ಲಿ, ಡಿಂಪ್ನಾ ದಿನಾ ಕೂರುವಲ್ಲಿ, ಒದ್ದೆ ಕೋಟಿನಲ್ಲೇ ಕುಸಿದು ಕೂತಳು. ಎದ್ದು ಬೇರೆ ಕಡೆ ಕೂರಿ ಎಂಬ ಮಾತು ಡಿಂಪ್ನಾಳ ನಾಲಗೆಯ ತುದಿಗೆ ಬಂತು. ಐದು ಕೋಣೆಯ ಮನೆಯಲ್ಲಿ ಯಾವ ಕುರ್ಚಿಯಲ್ಲಿ ಯಾರು ಕೂತರೂ ಅವಳಿಗೆ ಹೀಗಾಗಿದ್ದಿಲ್ಲ. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಹೊಟ್ಟೆಕಿಚ್ಚು ಎಂದು ತನ್ನಷ್ಟಕ್ಕೇ ನಾಚಿಕೊಂಡು ಸಕ್ಕರೆ ಹಾಕಿಕೊಟ್ಟಳು.

ಸತ್ತವಳ ಮಗಳು ಮೋಯಾ, ಅರವತ್ತರ ಆಸುಪಾಸಿನವಳು, ಕೊಡೆ ಹಿಡಿದು ಬಾಗಿಲಿಗೆ ಬಂದು, ಹಳ್ಳಿಯ ಸಭಾಭವನದಲ್ಲಿ ಊಟವಿದೆ, ಬರಲೇಬೇಕು ಎಂದಳು. ಡಿಂಪ್ನಾ ಬೇಡವೆಂದಳು. ಮೋಯಾ ಬರಲೇಬೇಕೆಂದಳು. ಬೇಡ, ಮನೆಯಲ್ಲಿ ಕೋಳಿಗಳಿವೆ ಎಂದಳು ಡಿಂಪ್ನಾ. ಮೂರನೆಯ ಸಲ ಕೇಳಿದ ಮೇಲೆ ಒಪ್ಪಬೇಕಾದ್ದು ಪದ್ಧತಿ. ಆದರೆ ಮಗಳು ಮೂರನೆಯ ಸಲ ಕೇಳುವಷ್ಟು ಸುಧಾರಿಸಿಕೊಂಡಿದ್ದಾಳೋ ಇಲ್ಲವೋ ಎಂಬ ಭಯಕ್ಕೆ ಅಟ್ರಾಕ್ಟಾ ಎರಡನೆಯದಕ್ಕೇ, ಐದು ನಿಮಿಷ ಬಂದು ಹೋಗ್ತೀವಿ ಎಂದುಬಿಟ್ಟಳು.

ಮೋಯಾ ಒಳಗೆ ಒಮ್ಮೆ ಕಣ್ಣಾಡಿಸಿ ಮೆತ್ತಗೆ ನಕ್ಕಳು. ಅವಳ ಅಮ್ಮ ಬೇಸಿಗೆಯುದ್ದಕ್ಕೂ ಕಿಟಕಿಯಲ್ಲಿ ಕೂತು ಇಂಥ ಬಿಳಿ ಗಾಡಿಗಳು ಹೋಗುವುದನ್ನು ನೋಡುತ್ತಿದ್ದಳಂತೆ.

"ಒಂಬತ್ತು ಮಕ್ಕಳನ್ನ ಸಾಕಿದೋಳು ನಮ್ಮಮ್ಮ. ಅಂಥದ್ದೊಂದು ನನಗಿದ್ದಿದ್ರೆ ಒಳಗಿಂದ ಚಿಲಕ ಹಾಕ್ಕೊಂಡು, ಯಾರು ಬಡಿದ್ರೂ ಮನೇಲಿಲ್ಲ ಅಂತಿದ್ದೆ, ಅನ್ನೋಳು. ನಾವು ನಗ್ತಿದ್ವಿ. ಇವತ್ತು ನೋಡಿ, ಅಂಥದ್ದೇ ಒಂದು ಮುಂದೆ ಹೋಗಿ ದಾರಿ ಬಿಡಿಸ್ತು."

ಡಿಂಪ್ನಾ ಮೋಯಾಳ ಒದ್ದೆ ಕೈಯನ್ನು ಒಂದಷ್ಟು ಹೊತ್ತು ಹಿಡಿದುಕೊಂಡಳು. ಇವತ್ತು ಹಿಡಿದ ಕೈಗಳಲ್ಲಿ ಅದೊಂದಕ್ಕೆ ಹೇಳುವುದು ಇತ್ತು, ಹೇಳಲಾಗಲಿಲ್ಲ.

ಸಭಾಭವನದ ಐದು ನಿಮಿಷ ಎರಡು ಗಂಟೆಯಾಯಿತು. ಹೊರಗೆ ಬಂದಾಗ ಮಳೆ ನಿಂತು, ಬಿಸಿಲು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಫೆಸ್ಟಸ್ ಅಭ್ಯಾಸದಂತೆ ಬಲಬಾಗಿಲಿಗೆ ಹೋಗಿ ಹಿಡಿಯ ಮೇಲೆ ಕೈಯಿಟ್ಟ. ಕೀಲಿ ಡಿಂಪ್ನಾಳ ಕೋಟಿನ ಜೇಬಿನಲ್ಲಿತ್ತು. ಅವಳು ತೆಗೆಯಲೂ ಇಲ್ಲ, ಕೊಡಲೂ ಇಲ್ಲ, ನಿಂತಳು. ಅವನು ಗುಡ್ಡ ನೋಡಿದ, ಸಮುದ್ರ ನೋಡಿದ, ಸೂರ್ಯನನ್ನೂ ಒಮ್ಮೆ ನೋಡಿದ.

"ಬೆಳಕು ಸರಿಯಿಲ್ಲ," ಅಂದ.

"ಇಲ್ಲ," ಅಂದಳು ಡಿಂಪ್ನಾ, ಆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. "ಇವತ್ತು ಬೆಳಕು ಸರಿಯಿಲ್ಲ."

ಅವನು ಎಡಗಡೆ ಹತ್ತಿದ. ಅಟ್ರಾಕ್ಟಾ ಬಾಯಿ ತೆರೆದವಳು ಏನನ್ನೋ ನುಂಗಿಕೊಂಡು, ಅರವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ, ಮುಚ್ಚಿದಳು. ಆದರೆ ಬಹಳ ಹೊತ್ತೇನಲ್ಲ. ಕರುಣೆಗೆ ಮೂರು ಹೆಜ್ಜೆ ಕೇಳಿದರೆ ಡಿಂಪ್ನಾ ಮುಕ್ಕಾಲು ಮೈಲಿ ಕೊಟ್ಟಳು, ಸ್ವರ್ಗದಲ್ಲಿ ಉಳಿದ ಚಿಲ್ಲರೆಯನ್ನು ಯಾರಿಗೆ ಕೊಡುತ್ತಾರೋ ಎಂದು ಬ್ಯಾಲಿಕ್ಯಾಸಲ್ ಬರುವವರೆಗೆ ಚಿಂತಿಸಿದಳು.

ಎದುರಿನಿಂದ ಕಾರು ಬಂದಾಗಲೆಲ್ಲ ಫೆಸ್ಟಸ್ ಎಡ ಸೀಟಿನಿಂದಲೇ, ಡ್ಯಾಶ್‌ಬೋರ್ಡಿನ ಮೇಲಿಂದ ಬೆರಳೆತ್ತುತ್ತಿದ್ದ. ಮೊದಮೊದಲು ಡಿಂಪ್ನಾ ಸುಮ್ಮನಿದ್ದಳು. ನಾಲ್ಕನೆಯ ಕಾರಿಗೆ ಅವಳ ಬೆರಳೂ ಎದ್ದಿತು. ಎದುರಿನವನು ಒಂದೇ ಗಾಡಿಯಿಂದ ಎರಡು ನಮಸ್ಕಾರ ಬಂದದ್ದು ಕಂಡು ಗೊಂದಲಗೊಂಡು ಎರಡೂ ಕೈ ಎತ್ತಿಬಿಟ್ಟ. ಗೇರು ಒರಟಾಗಿ ಹಾಕುತ್ತೀಯ ಎಂದು ಫೆಸ್ಟಸ್ ಎರಡು ಸಲ ತಿದ್ದಿದ. ಎರಡು ಸಲವೂ ಸರಿ ಎಂದಳು. ಮನೆಯ ಗೇಟಿನಲ್ಲಿ ಗಾಡಿ ಎರಡೂ ಕಂಬಗಳ ನಡುವೆ ಉಸಿರು ಬಿಟ್ಟಂತೆ ಸರಾಗವಾಗಿ ಒಳಗೆ ಹೋಯಿತು.

"ಕಂಬ ವಾಪಸ್ ಬಂದು ನಿಂತ್ಕೊಂಡಿದೆ," ಅಂದಳು ಅಟ್ರಾಕ್ಟಾ.

ಮರುದಿನ, ಭಾನುವಾರದ ಪೂಜೆ ಮುಗಿದು ಊಟವೂ ಆದ ಮೇಲೆ, ಡಿಂಪ್ನಾ ಪೊರಕೆ, ಬಕೆಟ್ಟು ಹಿಡಿದು ಗಾಡಿಗೆ ಹೋದಳು. ಮುದುಕಿಯರ ಬೂಟಿನ ಮಣ್ಣು ಗುಡಿಸಿದಳು. ಪರದೆಗಳನ್ನು ಬಿಚ್ಚಿ ಕೊಡವಿದಳು. ಕೆಟಲಿನ ತಳ ತಿಕ್ಕಿದಳು. ಫೆಸ್ಟಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬ್ಯಾಲಿನಾದವನು ಒಂಬತ್ತಕ್ಕೆ ಬರುತ್ತಾನೆ, ನೋಡುವುದಕ್ಕೆ ಬರುವವನಿಗೆ ಇಷ್ಟೊಂದು ಸಿಂಗಾರ ಬೇಕಾ, ಹೆಣ್ಣು ನೋಡುವುದಕ್ಕೆ ಬರುತ್ತಿದ್ದಾನಾ ಎಂದು ಕೇಳಿದ. ಅವನ ದನಿ ನಿನ್ನೆಗಿಂತ ಹಗುರವಾಗಿತ್ತು. ಬೆಳಕಿನ ಮಾತು ಒಮ್ಮೆ ಬಾಯಿಂದ ಬಿದ್ದಮೇಲೆ ಹೊರೆ ಅಷ್ಟು ಕಡಿಮೆಯಾದ ಹಾಗೆ. ಕಣ್ಣಿನ ಡಾಕ್ಟರ ಮಾತು ಎತ್ತಬೇಕು ಎಂದುಕೊಂಡಳು ಡಿಂಪ್ನಾ. ಅದನ್ನು ಬಾಯಿಬಿಟ್ಟು ಹೇಳಬೇಕು, ಮಂಗಳವಾರ, ಆಲೂಗಡ್ಡೆ ಸುಲಿಯುವಾಗ. ಅದು ಹೇಳುವಂಥದ್ದು.

"ಗಾಳಿಯಾಡಿಸ್ತಿದೀನಿ," ಅಂದಳು.

ಅವನು ಒಳಗೆ ಹೋದ. ಅವಳು ಕೊಳಾಯಿಯ ಪೈಪು ಎಳೆದು ತಂದು ನೀರಿನ ಟ್ಯಾಂಕನ್ನು ಕಂಠದವರೆಗೆ ತುಂಬಿಸಿದಳು. ಮಾರುವ ಗಾಡಿಗೆ ನೀರು ತುಂಬಿಸುವವರಿಲ್ಲ. ಅಟ್ರಾಕ್ಟಾ ಆಗ ಮಲಗಿದ್ದಳು, ಅದೇ ಪುಣ್ಯ. ಹಳೆಯ ಗ್ಯಾಸ್ ಸಿಲಿಂಡರನ್ನು ಅಲುಗಿಸಿ ನೋಡಿ, ಹೊಸದನ್ನು ಜೋಡಿಸಿದಳು. ಸೋಮವಾರ ಏಳೂವರೆಗೆ ಫೆಸ್ಟಸ್ ಇನ್ನೂ ಗಡ್ಡ ಹೆರೆಯುತ್ತಿರುತ್ತಾನೆ. ಒಂಬತ್ತಕ್ಕೆ ಅಟ್ರಾಕ್ಟಾ ಸತ್ತವರ ಹೆಸರುಗಳಿಗೆ ಕಿವಿ ಕೊಟ್ಟಿರುತ್ತಾಳೆ. ಬ್ಯಾಲಿನಾದವನು ಅಂಗಳದಲ್ಲಿ ನಿಂತು ಎಣ್ಣೆಯ ಕಲೆಯೊಂದನ್ನು ನೋಡುತ್ತಿರುತ್ತಾನೆ. ಆ ಹೊತ್ತಿಗೆ ಗಾಡಿ ಎಲ್ಲೋ ಒಂದು ಕಟ್ಟೆಯ ಮೇಲೆ, ಈ ಸಲ ಮೂತಿ ಸಮುದ್ರದ ಕಡೆಗೇ ಇಟ್ಟುಕೊಂಡು ನಿಂತಿರುತ್ತದೆ. ಹಿಂದಕ್ಕೆ ತೆಗೆಯುವುದು ಅವಳಿಗೇನೂ ಕಷ್ಟವಿಲ್ಲ.

ಏಪ್ರನ್ನಿನ ಜೇಬಿನಿಂದ ಒಂದು ಕಿತ್ತಳೆ ತೆಗೆದು ಸಿಂಕಿನ ಮೇಲಿನ ಪುಟ್ಟ ಕಪಾಟಿನಲ್ಲಿಟ್ಟಳು. ದಾರಿಯಲ್ಲಿ ಉರುಳಬಾರದೆಂದು ಅದರ ಪಕ್ಕಕ್ಕೆ ಒಂದು ಕೈಒರಸನ್ನು ಮಡಚಿ ಒತ್ತಿಟ್ಟು, ಕಪಾಟು ಮುಚ್ಚಿದಳು. ಮನೆಯೊಳಗಿಂದ ಯಾರೋ ಅವಳ ಹೆಸರು ಕೂಗಿದರು. ಬಂದೆ ಎಂದು ಹೇಳಿ, ಗಾಡಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಗೋಡೆಯ ಮೊಳೆಗೆ ತಗುಲಿಸದೆ ಜೇಬಿಗೇ ಹಾಕಿಕೊಂಡಳು.